ಲಿಯಾಂಡರ್ ಪೇಸ್ ಅವರ 18 ಗ್ರ್ಯಾನ್‌ಸ್ಲಾಮ್ ದಾಖಲೆಯನ್ನು ಭಾರತೀಯರು ಮುರಿಯಬಲ್ಲರೇ? ಬಾಲೇವಾಡಿ ಹೇಳುವ ಕಥೆ

ಪುಣೆ: 2017ರ ಫೆಬ್ರುವರಿ 4, ಶನಿವಾರ. ಪುಣೆಯ ಬಾಲೇವಾಡಿ ಕ್ರೀಡಾ ಸಂಕೀರ್ಣದಲ್ಲಿ ಭಾರತ ಮತ್ತು ನ್ಯೂಜಿಲೆಂಡ್ ನಡುವಿನ ಡೇವಿಸ್ ಕಪ್ ಹಣಾಹಣಿಯ ಎರಡನೇ ದಿನ. ಹಿಂದಿನ ದಿನ ಯೂಕಿ ಭಾಂಬ್ರಿ ಮತ್ತು ರಾಮಕುಮಾರ್ ರಾಮನಾಥನ್ ಸಿಂಗಲ್ಸ್ ಗೆದ್ದು ಭಾರತಕ್ಕೆ 2-0 ಮುನ್ನಡೆ ಕೊಟ್ಟಿದ್ದರು. ಆದರೂ ಅಂದು ಎಲ್ಲರ ಕಣ್ಣು ಇದ್ದದ್ದು ಡಬಲ್ಸ್ ಪಂದ್ಯದ ಮೇಲೆ.

ಕಾರಣ ಲಿಯಾಂಡರ್ ಪೇಸ್. ಡೇವಿಸ್ ಕಪ್ ಡಬಲ್ಸ್‌ನಲ್ಲಿ ಅವರು ಅದುವರೆಗೆ 42 ಪಂದ್ಯ ಗೆದ್ದು ಇಟಲಿಯ ನಿಕೋಲಾ ಪೀಟ್ರಾಂಜೆಲಿ ಅವರ ಸಮಕ್ಕೆ ನಿಂತಿದ್ದರು. ಇನ್ನೊಂದು ಗೆದ್ದರೆ ವಿಶ್ವದಾಖಲೆ. ಸಾಕೇತ್ ಮೈನೇನಿ ಗಾಯಗೊಂಡಿದ್ದರಿಂದ ಜೊತೆಗಾರರಾಗಿ ಬಂದವರು ವಿಷ್ಣುವರ್ಧನ್. ಎದುರಿಗಿದ್ದವರು ಆರ್ಟೆಮ್ ಸಿಟಾಕ್ ಮತ್ತು ಮೈಕಲ್ ವೀನಸ್. ನಾಲ್ಕು ಸೆಟ್‌ಗಳಲ್ಲಿ ಭಾರತದ ಜೋಡಿ ಸೋತಿತು. ಭಾರತ ಆ ಹಣಾಹಣಿಯನ್ನು 4-1ರಿಂದ ಗೆದ್ದಿತು. ಸೋತ ಆ ಒಂದೇ ಒಂದು ಪಂದ್ಯ ಪೇಸ್ ಅವರದ್ದು.

ಆ ದಾಖಲೆಗಾಗಿ ಅವರು ಇನ್ನೂ 14 ತಿಂಗಳು ಕಾಯಬೇಕಾಯಿತು. 2018ರ ಏಪ್ರಿಲ್‌ನಲ್ಲಿ ಚೀನಾದ ಟಿಯಾಂಜಿನ್‌ನಲ್ಲಿ 43ನೇ ಗೆಲುವು ಬಂತು. ಆಗ ಪಕ್ಕದಲ್ಲಿದ್ದವರು ಕೊಡಗಿನ ರೋಹನ್ ಬೋಪಣ್ಣ.

ದಾಖಲೆ ಮುರಿಯುವುದು ಎಷ್ಟು ಕಷ್ಟ ಎನ್ನುವುದಕ್ಕೆ ಬಾಲೇವಾಡಿಯ ಆ ಶನಿವಾರ ಒಂದು ಉದಾಹರಣೆ. ಪೇಸ್ ಹೆಸರಿನಲ್ಲಿ ಅದಕ್ಕಿಂತ ದೊಡ್ಡ ಇನ್ನೊಂದು ದಾಖಲೆ ಇದೆ: 18 ಗ್ರ್ಯಾನ್‌ಸ್ಲಾಮ್ ಪ್ರಶಸ್ತಿ. ಅದನ್ನು ಯಾವ ಭಾರತೀಯನಾದರೂ ಮುರಿಯಬಲ್ಲನೇ? ವಿಶ್ವದ ನಂಬರ್ 1 ಪಟ್ಟಕ್ಕೇರಿದ ಬೋಪಣ್ಣ ಕೂಡ ಎರಡಕ್ಕೇ ನಿಂತದ್ದೇಕೆ? ಉತ್ತರ ಹುಡುಕಲು ಮೊದಲು ಲೆಕ್ಕ ಸರಿಯಾಗಿ ನೋಡಬೇಕು.

18 ಬಂದದ್ದು ಹೇಗೆ?

ಟೆನಿಸ್‌ನಲ್ಲಿ ವರ್ಷಕ್ಕೆ ನಾಲ್ಕು ಗ್ರ್ಯಾನ್‌ಸ್ಲಾಮ್ ಟೂರ್ನಿಗಳು: ಆಸ್ಟ್ರೇಲಿಯನ್ ಓಪನ್, ಫ್ರೆಂಚ್ ಓಪನ್, ವಿಂಬಲ್ಡನ್, ಯುಎಸ್ ಓಪನ್. ಪ್ರತಿ ಟೂರ್ನಿಯಲ್ಲಿ ಸಿಂಗಲ್ಸ್, ಡಬಲ್ಸ್, ಮಿಶ್ರ ಡಬಲ್ಸ್ ಎಂಬ ಮೂರು ವಿಭಾಗಗಳಿಂದ ಒಬ್ಬ ಆಟಗಾರನಿಗೆ ಪ್ರಶಸ್ತಿ ಸಿಗಬಹುದು. ಹಿರಿಯರ ಸಿಂಗಲ್ಸ್‌ನಲ್ಲಿ ಭಾರತದ ಯಾರೂ ಇದುವರೆಗೆ ಗೆದ್ದಿಲ್ಲ. 1960 ಮತ್ತು 1961ರಲ್ಲಿ ರಾಮನಾಥನ್ ಕೃಷ್ಣನ್ ವಿಂಬಲ್ಡನ್ ಸೆಮಿಫೈನಲ್ ತಲುಪಿದ್ದೇ ದೊಡ್ಡ ಸಾಧನೆ. ಹಾಗಾಗಿ ಭಾರತದ ಗ್ರ್ಯಾನ್‌ಸ್ಲಾಮ್ ಕಥೆ ಎಂದರೆ ಜೋಡಿ ಆಟದ ಕಥೆ.

ಆ ಕಥೆಯಲ್ಲಿ ಇರುವುದು ನಾಲ್ಕೇ ಹೆಸರು. ಪೇಸ್ 18, ಮಹೇಶ್ ಭೂಪತಿ 12, ಸಾನಿಯಾ ಮಿರ್ಜಾ 6, ರೋಹನ್ ಬೋಪಣ್ಣ 2. ಕೂಡಿದರೆ 38. ಆದರೆ ಇದರಲ್ಲಿ ಒಂದು ಸಣ್ಣ ತೊಡಕಿದೆ. ಪೇಸ್ ಮತ್ತು ಭೂಪತಿ ಒಟ್ಟಿಗೆ ಗೆದ್ದ ಮೂರು, ಭೂಪತಿ ಮತ್ತು ಸಾನಿಯಾ ಒಟ್ಟಿಗೆ ಗೆದ್ದ ಎರಡು ಇಬ್ಬರ ಖಾತೆಯಲ್ಲೂ ಸೇರಿರುತ್ತವೆ. ಅವನ್ನು ಒಮ್ಮೆ ಮಾತ್ರ ಎಣಿಸಿದರೆ ಭಾರತಕ್ಕೆ ಬಂದ ಟ್ರೋಫಿಗಳು 33.

ಈ 33ರಲ್ಲಿ 20 ಮಿಶ್ರ ಡಬಲ್ಸ್‌ನವು. ಪುರುಷರ ಡಬಲ್ಸ್ 10, ಮಹಿಳೆಯರ ಡಬಲ್ಸ್ 3. ಈ 20 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪೇಸ್ ಅವರ 18ರಲ್ಲೂ ಅರ್ಧಕ್ಕಿಂತ ಹೆಚ್ಚು, ಅಂದರೆ 10, ಮಿಶ್ರ ಡಬಲ್ಸ್‌ನಲ್ಲಿ ಬಂದದ್ದು. ಉಳಿದ 8 ಪುರುಷರ ಡಬಲ್ಸ್‌ನವು. ಮೊದಲನೆಯದು 1999ರ ಫ್ರೆಂಚ್ ಓಪನ್, ಭೂಪತಿ ಜೊತೆ. ಅದೇ ವರ್ಷ ವಿಂಬಲ್ಡನ್‌ನಲ್ಲಿ ಭೂಪತಿ ಜೊತೆ ಪುರುಷರ ಡಬಲ್ಸ್, ಅಮೆರಿಕದ ಲೀಸಾ ರೇಮಂಡ್ ಜೊತೆ ಮಿಶ್ರ ಡಬಲ್ಸ್, ಹೀಗೆ ಎರಡೂ ಸಿಕ್ಕವು. ಕೊನೆಯದು 2016ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್, ಮಾರ್ಟಿನಾ ಹಿಂಗಿಸ್ ಜೊತೆ. ಆ ಫೈನಲ್‌ನಲ್ಲಿ ಎದುರಾಳಿ ಜೋಡಿಯಲ್ಲಿ ಇದ್ದವರು ಸಾನಿಯಾ ಮಿರ್ಜಾ!

ಮೊದಲ ಪ್ರಶಸ್ತಿ ಗೆದ್ದಾಗ ಪೇಸ್ ವಯಸ್ಸು 25, ಕೊನೆಯದಕ್ಕೆ 42. ನಡುವೆ 2003ರಲ್ಲಿ ಮಾರ್ಟಿನಾ ನವ್ರಾಟಿಲೋವಾ ಜೊತೆ ಎರಡು ಗ್ರ್ಯಾನ್‌ಸ್ಲಾಮ್ ಗೆದ್ದ ಬೆನ್ನಲ್ಲೇ ಮಿದುಳಿನ ಸೋಂಕಿನಿಂದ ಆಸ್ಪತ್ರೆ ಸೇರಿದ್ದರು. ಆ ಬಳಿಕ ಮುಂದಿನ ಪ್ರಶಸ್ತಿಗೆ 2006ರ ಯುಎಸ್ ಓಪನ್‌ವರೆಗೆ ಕಾಯಬೇಕಾಯಿತು. ಇನ್ನೂ ಅಚ್ಚರಿಯ ವಿಷಯ ಎಂದರೆ 18ರಲ್ಲಿ 11 ಪ್ರಶಸ್ತಿ ಅವರಿಗೆ 35 ತುಂಬಿದ ಮೇಲೆ ಬಂದದ್ದು. ಬಹುತೇಕ ಸಿಂಗಲ್ಸ್ ಆಟಗಾರರು ರ‍್ಯಾಕೆಟ್ ಕೆಳಗಿಡುವ ವಯಸ್ಸು ಅದು.

ಈ 18 ಪ್ರಶಸ್ತಿಗಳ ಹಿಂದೆ ಎಂಟು ಜೊತೆಗಾರರಿದ್ದಾರೆ. ಪುರುಷರಲ್ಲಿ ಭೂಪತಿ, ಮಾರ್ಟಿನ್ ಡ್ಯಾಮ್, ಲುಕಾಸ್ ಡ್ಲೂಹಿ, ರಾಡೆಕ್ ಸ್ಟೆಪಾನೆಕ್. ಮಹಿಳೆಯರಲ್ಲಿ ರೇಮಂಡ್, ನವ್ರಾಟಿಲೋವಾ, ಕಾರಾ ಬ್ಲ್ಯಾಕ್, ಹಿಂಗಿಸ್. ಕೊನೆಯ ನಾಲ್ಕು ಹೆಸರುಗಳನ್ನು ಮತ್ತೊಮ್ಮೆ ಓದಿ. ನಾಲ್ವರೂ ಡಬಲ್ಸ್‌ನಲ್ಲಿ ವಿಶ್ವದ ನಂಬರ್ 1 ಆಗಿದ್ದವರು. ಪೇಸ್ ನೆಟ್ ಬಳಿ ಎಷ್ಟು ಚುರುಕೋ ಜೊತೆಗಾರರನ್ನು ಆರಿಸಿಕೊಳ್ಳುವುದರಲ್ಲೂ ಅಷ್ಟೇ ಚುರುಕು ಎನ್ನದೆ ವಿಧಿಯಿಲ್ಲ.

ಇಲ್ಲೊಂದು ಸ್ಪಷ್ಟನೆ ಬೇಕು. 18 ಭಾರತದ ದಾಖಲೆಯೇ ಹೊರತು ವಿಶ್ವದಾಖಲೆ ಅಲ್ಲ. ಮೂರೂ ವಿಭಾಗ ಸೇರಿಸಿದರೆ ಆಸ್ಟ್ರೇಲಿಯಾದ ಮಾರ್ಗರೆಟ್ ಕೋರ್ಟ್ ಹೆಸರಿನಲ್ಲಿ 64, ನವ್ರಾಟಿಲೋವಾ ಹೆಸರಿನಲ್ಲಿ 59 ಪ್ರಶಸ್ತಿಗಳಿವೆ. ಅಮೆರಿಕದ ಅವಳಿ ಸಹೋದರರಲ್ಲಿ ಬಾಬ್ ಬ್ರಯಾನ್ 23, ಮೈಕ್ ಬ್ರಯಾನ್ 22 ಗೆದ್ದಿದ್ದಾರೆ. ಮೈಕ್ ಅವರ 18 ಪ್ರಶಸ್ತಿ ಪುರುಷರ ಡಬಲ್ಸ್ ಒಂದರಲ್ಲೇ ಬಂದಿವೆ. ಸಾಮಾಜಿಕ ಜಾಲತಾಣಗಳಲ್ಲಿ ಈ ಎರಡು 18ಗಳು ಬೆರೆತು ಹೋಗುವುದುಂಟು.

ಕೊಡಗು, ಪುಣೆ, ಮೆಲ್ಬರ್ನ್

ಈಗ ಬೋಪಣ್ಣ ಕಡೆಗೆ ಬರೋಣ. ಕೊಡಗಿನ ಕಾಫಿ ತೋಟದ ಮನೆಯ ಹುಡುಗ. ಸರ್ವ್‌ಗೆ ಬಲ ಬರಲೆಂದು ಸೌದೆ ಸೀಳುತ್ತಿದ್ದೆ, ಕಾಫಿ ತೋಟಗಳಲ್ಲಿ ಓಡುತ್ತಿದ್ದೆ ಎಂದು ನಿವೃತ್ತಿಯ ವೇಳೆ ಅವರೇ ನೆನಪಿಸಿಕೊಂಡಿದ್ದರು. ಹದಿಹರೆಯದಲ್ಲಿ ಟೆನಿಸ್ ಕಲಿಯಲು ಮನೆ ಬಿಟ್ಟು ಬಂದದ್ದು ಪುಣೆಗೆ. ಇಲ್ಲಿ ಅವರ ಗುರು ಡೇವಿಸ್ ಕಪ್ ಮಾಜಿ ಆಟಗಾರ ನಂದನ್ ಬಾಲ್.

ಬೋಪಣ್ಣ ಅವರ ದೊಡ್ಡ ಅಸ್ತ್ರ ಸರ್ವ್. ಎತ್ತರದ ಮೈಕಟ್ಟು, ಭಾರೀ ಹೊಡೆತ. ಆದರೆ ಗ್ರ್ಯಾನ್‌ಸ್ಲಾಮ್ ಮಾತ್ರ ಕೈಗೆ ಸಿಗುತ್ತಿರಲಿಲ್ಲ. 2010ರ ಯುಎಸ್ ಓಪನ್ ಫೈನಲ್‌ನಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆ ಆಡಿ ಬ್ರಯಾನ್ ಸಹೋದರರ ಎದುರು ಸೋತರು. ಮೊದಲ ಪ್ರಶಸ್ತಿಗೆ 2017ರ ಜೂನ್ ಬರಬೇಕಾಯಿತು. ಕೆನಡಾದ ಗೇಬ್ರಿಯೆಲಾ ಡಬ್ರೋವ್ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. ಆಗ ಅವರಿಗೆ 37.

ವಿಚಿತ್ರ ಎಂದರೆ, ಅದೇ ಫ್ರೆಂಚ್ ಓಪನ್‌ನಲ್ಲಿ ಪುರುಷರ ಡಬಲ್ಸ್ ಗೆದ್ದ ಜೋಡಿಯಲ್ಲಿ ಇದ್ದವರು ಮೈಕಲ್ ವೀನಸ್. ನಾಲ್ಕು ತಿಂಗಳ ಹಿಂದೆ ಬಾಲೇವಾಡಿಯಲ್ಲಿ ಪೇಸ್ ಅವರ ವಿಶ್ವದಾಖಲೆಗೆ ಅಡ್ಡ ನಿಂತ ಅದೇ ವೀನಸ್. ಪೇಸ್ ಸೋತದ್ದು ಯಾರೋ ಸಾಧಾರಣ ಆಟಗಾರನಿಗಲ್ಲ ಎಂಬುದು ಪುಣೆಯ ಪ್ರೇಕ್ಷಕರಿಗೆ ಗೊತ್ತಾದದ್ದು ಆಮೇಲೆ.

2019ರಲ್ಲಿ ಬೋಪಣ್ಣ ಪುಣೆಗೆ ಮರಳಿ ದಿವಿಜ್ ಶರಣ್ ಜೊತೆ ಟಾಟಾ ಓಪನ್ ಮಹಾರಾಷ್ಟ್ರ ಗೆದ್ದರು. ಆಮೇಲೆ ಕಷ್ಟದ ದಿನಗಳು. ಮೊಣಕಾಲಿನ ಮೃದ್ವಸ್ಥಿ ಸವೆದು ಹೋಗಿತ್ತು. ನೋವಿನ ಮಾತ್ರೆ ನುಂಗಿ ಅಂಗಣಕ್ಕಿಳಿಯುವ ಪರಿಸ್ಥಿತಿ. 2021ರಲ್ಲಿ ತಿಂಗಳುಗಟ್ಟಲೆ ಒಂದೇ ಒಂದು ಪಂದ್ಯ ಗೆಲ್ಲಲಾಗದೆ, ಸಾಕು ಮಾಡೋಣ ಎಂದು ಪತ್ನಿಗೆ ವಿಡಿಯೊ ಸಂದೇಶ ಕಳಿಸಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ.

ಅವರನ್ನು ಮತ್ತೆ ನಿಲ್ಲಿಸಿದ್ದು ಅಯ್ಯಂಗಾರ್ ಯೋಗ. ಈ ಪದ್ಧತಿಗೂ ಪುಣೆಗೂ ಕರ್ನಾಟಕಕ್ಕೂ ನಂಟಿದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಪುಣೆಯಲ್ಲಿ ನೆಲೆಸಿ, ಹಗ್ಗ, ಇಟ್ಟಿಗೆ, ಕುರ್ಚಿ ಬಳಸಿ ಆಸನ ಕಲಿಸುವ ಕ್ರಮವನ್ನು ರೂಪಿಸಿದರು. ಇಲ್ಲೇ 1975ರಲ್ಲಿ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆ ಆರಂಭವಾಯಿತು. ಕಾಲಿನ ಸುತ್ತಲಿನ ಸ್ನಾಯುಗಳು ಗಟ್ಟಿಯಾಗಿ ಮೊಣಕಾಲಿನ ಮೇಲಿನ ಭಾರ ತಗ್ಗಿತು, ನೋವು ಕಡಿಮೆಯಾಯಿತು ಎಂಬುದು ಬೋಪಣ್ಣ ಅವರ ಅನುಭವ.

2022ರ ಜನವರಿಯಲ್ಲಿ ರಾಮಕುಮಾರ್ ರಾಮನಾಥನ್ ಜೊತೆ ಅಡಿಲೇಡ್‌ನಲ್ಲಿ ಗೆದ್ದರು. ಮರು ತಿಂಗಳೇ ಬಾಲೇವಾಡಿಯಲ್ಲಿ ಅದೇ ಜೋಡಿಗೆ ಪ್ರಶಸ್ತಿ. ಅಲ್ಲಿಂದ ಮುಂದಿನದ್ದು ಎಲ್ಲರಿಗೂ ಗೊತ್ತು. 2023ರಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ ಯುಎಸ್ ಓಪನ್ ಫೈನಲ್. 2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ಇಟಲಿಯ ಸಿಮೋನ್ ಬೊಲೆಲಿ ಮತ್ತು ಆಂಡ್ರಿಯಾ ವವಾಸ್ಸೋರಿ ಜೋಡಿಯನ್ನು 7-6, 7-5ರಿಂದ ಸೋಲಿಸಿ ಪುರುಷರ ಡಬಲ್ಸ್ ಪ್ರಶಸ್ತಿ. 43ನೇ ವಯಸ್ಸಿನಲ್ಲಿ ಗ್ರ್ಯಾನ್‌ಸ್ಲಾಮ್ ಗೆದ್ದ ಅವರು ಓಪನ್ ಯುಗದ, ಅಂದರೆ 1968ರ ನಂತರದ, ಅತ್ಯಂತ ಹಿರಿಯ ಪುರುಷ ಚಾಂಪಿಯನ್ ಎನಿಸಿದರು. ಎರಡು ದಿನಗಳ ಬಳಿಕ ಪ್ರಕಟವಾದ ಪಟ್ಟಿಯಲ್ಲಿ ಡಬಲ್ಸ್‌ನ ವಿಶ್ವ ನಂಬರ್ 1 ಸ್ಥಾನವೂ ಅವರದ್ದಾಯಿತು.

ಪುರುಷರ ಡಬಲ್ಸ್‌ನಲ್ಲಿ ಆ ಒಂದು ಪ್ರಶಸ್ತಿಗಾಗಿ ಅವರು ಮಾಡಿದ ಪ್ರಯತ್ನಗಳು 61. ಬದಲಿಸಿದ ಜೊತೆಗಾರರು 19. ಕೊನೆಗೆ ಜೊತೆಯಾದ ಎಬ್ಡೆನ್ ಕೂಡ ಬಾಲೇವಾಡಿಗೆ ಹೊಸಬರಲ್ಲ. 2020ರಲ್ಲಿ ಪೇಸ್ ತಮ್ಮ ವಿದಾಯದ ವರ್ಷ ಎಂದು ಘೋಷಿಸಿ ಪುಣೆಯಲ್ಲಿ ಆಡಿದಾಗ ಅವರ ಜೊತೆಗಾರರಾಗಿದ್ದವರು ಇದೇ ಎಬ್ಡೆನ್.

ವಯಸ್ಸು ಅಡ್ಡಿಯಲ್ಲ ಎಂದರೆ ಮತ್ತೇನು ಅಡ್ಡಿ?

ಪೇಸ್ ಮತ್ತು ಬೋಪಣ್ಣ ಇಬ್ಬರೂ 40 ದಾಟಿದ ಮೇಲೆ ಗೆದ್ದಿದ್ದಾರೆ. ಡಬಲ್ಸ್‌ನಲ್ಲಿ ಇದು ಸಾಧ್ಯ. ಅರ್ಧ ಅಂಗಣ ಜೊತೆಗಾರನದ್ದು. ಓಟ ಕಡಿಮೆ, ಸರ್ವ್, ವಾಲಿ ಮತ್ತು ಅಂದಾಜಿಗೆ ಬೆಲೆ ಹೆಚ್ಚು. ವಿಂಬಲ್ಡನ್‌ನಲ್ಲಿ ಪುರುಷರ ಡಬಲ್ಸ್ ಐದು ಸೆಟ್‌ಗಳ ಆಟವಾಗಿತ್ತು. 2023ರಿಂದ ಅಲ್ಲೂ ಮೂರೇ ಸೆಟ್. ಉಳಿದ ಮೂರು ಗ್ರ್ಯಾನ್‌ಸ್ಲಾಮ್‌ಗಳ ಮಿಶ್ರ ಡಬಲ್ಸ್‌ನಲ್ಲಿ ಮೂರನೇ ಸೆಟ್ ಕೂಡ ಇಲ್ಲ, ಅದರ ಬದಲು 10 ಅಂಕಗಳ ಟೈಬ್ರೇಕ್.

ಪುರುಷರ ಡಬಲ್ಸ್‌ನಲ್ಲಿ 64 ಜೋಡಿಗಳಿರುತ್ತವೆ, ಕಪ್ ಎತ್ತಲು ಆರು ಪಂದ್ಯ ಗೆಲ್ಲಬೇಕು. 32 ಜೋಡಿಗಳ ಮಿಶ್ರ ಡಬಲ್ಸ್‌ಗೆ ಐದು ಪಂದ್ಯ ಸಾಕು. ಒಂದೇ ಟೂರ್ನಿಯಲ್ಲಿ ಎರಡೂ ವಿಭಾಗದಲ್ಲಿ ಆಡುವವರಿಗೆ ವರ್ಷಕ್ಕೆ ಎಂಟು ಅವಕಾಶ. ಪೇಸ್ ಸುಮಾರು ಎರಡು ದಶಕ ಈ ಅವಕಾಶಗಳನ್ನು ಬಳಸಿಕೊಂಡರು.

ಹಾಗಿದ್ದರೂ ಲೆಕ್ಕ ಹಾಕಿ ನೋಡಿ. ಇಂದು ಯಾವ ಭಾರತೀಯನ ಖಾತೆಯೂ ತೆರೆದಿಲ್ಲ ಎಂದುಕೊಂಡರೆ, ವರ್ಷಕ್ಕೊಂದು ಗೆದ್ದರೂ ಪೇಸ್‌ರನ್ನು ದಾಟಲು 19 ವರ್ಷ ಬೇಕು. 2015ರಲ್ಲಿ ಪೇಸ್ ಮತ್ತು ಹಿಂಗಿಸ್ ಗೆದ್ದಂತೆ ಒಂದೇ ವರ್ಷ ಮೂರು ಗೆಲ್ಲುವ ಜೋಡಿ ಸಿಕ್ಕರೆ ಮಾತ್ರ ದಾರಿ ಹತ್ತಿರವಾಗುತ್ತದೆ. ಹಾಗೆ ಗೆಲ್ಲಬೇಕಾದರೆ ಮಿಶ್ರ ಡಬಲ್ಸ್ ಬೇಕೇ ಬೇಕು. ತೊಂದರೆ ಶುರುವಾಗುವುದು ಅಲ್ಲಿಯೇ.

ಕಿರಿದಾಗುತ್ತಿರುವ ಮಿಶ್ರ ಡಬಲ್ಸ್ ದಾರಿ

2025ರಲ್ಲಿ ಯುಎಸ್ ಓಪನ್ ಮಿಶ್ರ ಡಬಲ್ಸ್‌ನ ಸ್ವರೂಪವನ್ನೇ ಬದಲಿಸಿತು. 32ರ ಬದಲು 16 ಜೋಡಿ. ಮುಖ್ಯ ಟೂರ್ನಿ ಶುರುವಾಗುವ ಹಿಂದಿನ ವಾರ, ಎರಡೇ ದಿನಗಳಲ್ಲಿ ಆಟ ಮುಗಿಯಿತು. ಫೈನಲ್ ಹೊರತುಪಡಿಸಿ ಉಳಿದ ಪಂದ್ಯಗಳಲ್ಲಿ ಆರು ಗೇಮ್‌ಗಳ ಬದಲು ನಾಲ್ಕು ಗೇಮ್‌ಗಳ ಸೆಟ್. ಎಂಟು ಜೋಡಿಗಳಿಗೆ ಇಬ್ಬರ ಸಿಂಗಲ್ಸ್ ರ‍್ಯಾಂಕಿಂಗ್ ಕೂಡಿಸಿ ಪ್ರವೇಶ ಕೊಡಲಾಯಿತು. ಉಳಿದ ಎಂಟು ಜೋಡಿಗಳಿಗೆ ವೈಲ್ಡ್ ಕಾರ್ಡ್. ಗೆದ್ದವರಿಗೆ 10 ಲಕ್ಷ ಡಾಲರ್.

ಪ್ರೇಕ್ಷಕರನ್ನು ಸೆಳೆಯಲು ಸಿಂಗಲ್ಸ್ ತಾರೆಯರನ್ನು ತರುವುದು ಸಂಘಟಕರ ಉದ್ದೇಶ. ಕ್ರೀಡಾಂಗಣ ತುಂಬಿದ್ದೂ ನಿಜ. ಆದರೆ ಡಬಲ್ಸನ್ನೇ ನಂಬಿ ಬದುಕುವ ಆಟಗಾರರು ಹೊರಗುಳಿದರು. ಕಡೆಗೆ ಕಪ್ ಎತ್ತಿದ್ದು ಮಾತ್ರ ಡಬಲ್ಸ್ ಪರಿಣತರಾದ ಇಟಲಿಯ ಸಾರಾ ಎರ‍್ರಾನಿ ಮತ್ತು ವವಾಸ್ಸೋರಿ. ತಾರೆಯರ ಗುಂಪಿನ ನಡುವೆ ಆ ಜೋಡಿ ಗೆದ್ದದ್ದನ್ನು ಕಂಡು ಅನೇಕ ಡಬಲ್ಸ್ ಆಟಗಾರರು ಒಳಗೊಳಗೇ ನಕ್ಕಿರಬೇಕು.

ಇದು ಭಾರತಕ್ಕೆ ಏಕೆ ಮುಖ್ಯ? ಮೇಲೆ ಹೇಳಿದ 20 ಮಿಶ್ರ ಡಬಲ್ಸ್ ಟ್ರೋಫಿಗಳಲ್ಲಿ ಐದು ಬಂದದ್ದು ಯುಎಸ್ ಓಪನ್‌ನಲ್ಲಿ. 1999 ಮತ್ತು 2005ರಲ್ಲಿ ಭೂಪತಿ, 2008 ಮತ್ತು 2015ರಲ್ಲಿ ಪೇಸ್, 2014ರಲ್ಲಿ ಬ್ರೆಜಿಲ್‌ನ ಬ್ರೂನೊ ಸೊರೆಸ್ ಜೊತೆ ಸಾನಿಯಾ. 2025ರ ನಿಯಮ ಆಗಲೇ ಇದ್ದಿದ್ದರೆ 2008ರ ಪೇಸ್‌ಗೆ ಸಿಂಗಲ್ಸ್ ರ‍್ಯಾಂಕಿಂಗ್ ಆಧಾರದಲ್ಲಿ ಒಳಗೆ ಹೋಗುವ ಅವಕಾಶವೇ ಇರುತ್ತಿರಲಿಲ್ಲ. 2015ರ ಪೇಸ್‌ಗಂತೂ ದೂರದ ಮಾತು. ವೈಲ್ಡ್ ಕಾರ್ಡ್ ಸಿಕ್ಕಿದ್ದರೆ ಅದು ಬೇರೆ ವಿಷಯ.

2025ರಲ್ಲಿ ಉಳಿದ ಮೂರು ಗ್ರ್ಯಾನ್‌ಸ್ಲಾಮ್‌ಗಳು ಹಳೆಯ ಪದ್ಧತಿಯಲ್ಲೇ ಮಿಶ್ರ ಡಬಲ್ಸ್ ನಡೆಸಿದವು. ಅವೂ ನ್ಯೂಯಾರ್ಕ್ ದಾರಿ ಹಿಡಿದರೆ ಪೇಸ್ ಅವರ 10 ಮಿಶ್ರ ಪ್ರಶಸ್ತಿಗಳು ಬಂದ ಬಾಗಿಲು ಭಾರತೀಯರ ಪಾಲಿಗೆ ಬಹುತೇಕ ಮುಚ್ಚಿದಂತೆ. ಸಿಂಗಲ್ಸ್‌ನಲ್ಲಿ ಅಗ್ರ ಶ್ರೇಣಿಯ ಆಟಗಾರರನ್ನು ಬೆಳೆಸದ ದೇಶಕ್ಕೆ ಡಬಲ್ಸ್‌ನಲ್ಲೂ ಜಾಗ ಕಡಿಮೆಯಾಗುತ್ತದೆ ಎನ್ನುವುದು ಇದರ ಅರ್ಥ. 18ರ ದಾಖಲೆ ಉಳಿಯುವುದಕ್ಕೆ ಪೇಸ್ ಅವರ ಪ್ರತಿಭೆಯಷ್ಟೇ ಈ ಬದಲಾವಣೆಯೂ ಕಾರಣವಾಗಬಹುದು.

ಜೊಕೊವಿಚ್ ಲೆಕ್ಕವೇ ಬೇರೆ

ಗ್ರ್ಯಾನ್‌ಸ್ಲಾಮ್ ದಾಖಲೆ ಎಂದೊಡನೆ ಜಗತ್ತು ಕೇಳುವುದು ನೊವಾಕ್ ಜೊಕೊವಿಚ್ 25ನೇ ಪ್ರಶಸ್ತಿ ಗೆಲ್ಲುತ್ತಾರೆಯೇ ಎಂದು. 2023ರ ಯುಎಸ್ ಓಪನ್‌ನಲ್ಲಿ 24ನೇ ಸಿಂಗಲ್ಸ್ ಪ್ರಶಸ್ತಿ ಗೆದ್ದು ಅವರು ಮಾರ್ಗರೆಟ್ ಕೋರ್ಟ್ ಅವರ ಸಮಕ್ಕೆ ಬಂದರು. ಕೋರ್ಟ್ ಅವರ 24ರಲ್ಲಿ 13 ಓಪನ್ ಯುಗಕ್ಕೆ ಮುಂಚಿನವು. 2024 ಮತ್ತು 2025ರ ಎಂಟೂ ಸಿಂಗಲ್ಸ್ ಪ್ರಶಸ್ತಿಗಳನ್ನು ಯಾನಿಕ್ ಸಿನ್ನರ್ ಮತ್ತು ಕಾರ್ಲೋಸ್ ಅಲ್ಕರಾಜ್ ತಲಾ ನಾಲ್ಕರಂತೆ ಹಂಚಿಕೊಂಡರು. 2025ರಲ್ಲಿ ಜೊಕೊವಿಚ್ ನಾಲ್ಕೂ ಟೂರ್ನಿಗಳಲ್ಲಿ ಸೆಮಿಫೈನಲ್‌ಗೆ ಬಂದು ನಾಲ್ಕರಲ್ಲೂ ಅಲ್ಲೇ ನಿಂತರು.

ಓಪನ್ ಯುಗದಲ್ಲಿ ಪುರುಷರ ಸಿಂಗಲ್ಸ್ ಗ್ರ್ಯಾನ್‌ಸ್ಲಾಮ್ ಗೆದ್ದ ಅತ್ಯಂತ ಹಿರಿಯ ಕೆನ್ ರೋಸ್‌ವಾಲ್. 1972ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ಅವರಿಗೆ 37. ಜೊಕೊವಿಚ್ ಆ ವಯಸ್ಸನ್ನು ಆಗಲೇ ದಾಟಿದ್ದಾರೆ. ಪೇಸ್ ಅಥವಾ ಬೋಪಣ್ಣನಂತೆ ಅರ್ಧ ಅಂಗಣವನ್ನು ಬೇರೆಯವರಿಗೆ ಬಿಡುವ ಅನುಕೂಲ ಅವರಿಗಿಲ್ಲ. ಐದು ಸೆಟ್ ಓಡಬೇಕು, ಎದುರಿಗೆ ತಮಗಿಂತ 14-15 ವರ್ಷ ಕಿರಿಯರು.

ಪುಣೆಯ ಅಂಗಣದಲ್ಲಿ ಆಡಿದ ಕೆಲವರು ಅವರ ದಾರಿಗೆ ಅಡ್ಡ ಬಂದದ್ದೂ ಇದೆ. 2020ರಲ್ಲಿ ಇಲ್ಲಿ ಚಾಂಪಿಯನ್ ಆದ ಚೆಕ್ ಆಟಗಾರ ಜಿರಿ ವೆಸೆಲಿ 2022ರಲ್ಲಿ ದುಬೈನಲ್ಲಿ ಜೊಕೊವಿಚ್‌ರನ್ನು ಸೋಲಿಸಿದರು, ಅದರೊಂದಿಗೆ ನಂಬರ್ 1 ಪಟ್ಟವೂ ಆಗ ಜೊಕೊವಿಚ್ ಕೈ ತಪ್ಪಿತು. 2024ರಲ್ಲಿ ಬಾಲೇವಾಡಿಯ ಚಾಲೆಂಜರ್ ಟೂರ್ನಿ ಗೆದ್ದ ಮೊನಾಕೊದ ವ್ಯಾಲೆಂಟಿನ್ ವಶೆರೊ 2025ರ ಅಕ್ಟೋಬರ್‌ನಲ್ಲಿ ಶಾಂಘೈ ಮಾಸ್ಟರ್ಸ್ ಸೆಮಿಫೈನಲ್‌ನಲ್ಲಿ ಜೊಕೊವಿಚ್‌ರನ್ನು ಮಣಿಸಿ, ಪ್ರಶಸ್ತಿಯನ್ನೂ ಗೆದ್ದರು. ಅರ್ಹತಾ ಸುತ್ತಿನಿಂದ ಬಂದಿದ್ದ ಅವರ ರ‍್ಯಾಂಕಿಂಗ್ ಆಗ 204.

ಈಗ ಯಾರಿದ್ದಾರೆ?

ಸಾನಿಯಾ 2023ರಲ್ಲಿ ಆಟ ನಿಲ್ಲಿಸಿದರು. 2025ರ ನವೆಂಬರ್ 1ರಂದು ಬೋಪಣ್ಣ ವಿದಾಯ ಹೇಳಿದರು. ಅವರ ಕೊನೆಯ ಟೂರ್ನಿ ಪ್ಯಾರಿಸ್ ಮಾಸ್ಟರ್ಸ್, ಜೊತೆಗಾರ ಕಜಕಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್. ಅಲ್ಲಿಗೆ ಗ್ರ್ಯಾನ್‌ಸ್ಲಾಮ್ ಗೆದ್ದ ನಾಲ್ವರು ಭಾರತೀಯರೂ ಅಂಗಣದಿಂದ ಹೊರಗೆ.

2017ರ ಜೂನ್ ಬಳಿಕ 2025ರ ಕೊನೆಯವರೆಗೆ ಭಾರತಕ್ಕೆ ಬಂದ ಗ್ರ್ಯಾನ್‌ಸ್ಲಾಮ್ ಟ್ರೋಫಿ ಒಂದೇ, ಬೋಪಣ್ಣ ಅವರ ಮೆಲ್ಬರ್ನ್ ಪ್ರಶಸ್ತಿ. 1999ರಲ್ಲಿ ಒಂದೇ ವರ್ಷಕ್ಕೆ ನಾಲ್ಕು ಟ್ರೋಫಿ ಬಂದಿದ್ದವು ಎಂದು ನೆನೆದರೆ ಅಂತರ ಎಷ್ಟೆಂದು ತಿಳಿಯುತ್ತದೆ.

ಸದ್ಯಕ್ಕೆ ಹತ್ತಿರದಲ್ಲಿರುವ ಹೆಸರು ಯೂಕಿ ಭಾಂಬ್ರಿ. 2009ರಲ್ಲಿ ಆಸ್ಟ್ರೇಲಿಯನ್ ಓಪನ್ ಜೂನಿಯರ್ ಸಿಂಗಲ್ಸ್ ಗೆದ್ದ ಹುಡುಗ. ಸಿಂಗಲ್ಸ್‌ನಲ್ಲಿ ಅಗ್ರ 100ರೊಳಗೆ ಬಂದರೂ ಗಾಯಗಳು ಬಿಡಲಿಲ್ಲ. ಕೊನೆಗೆ ಡಬಲ್ಸ್‌ಗೆ ಹೊರಳಿದರು. 2025ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಅಲೆಕ್ಸಿ ಪೊಪಿರಿನ್ ಜೊತೆ ದುಬೈನಲ್ಲಿ ಪ್ರಶಸ್ತಿ ಗೆದ್ದರು. ಅದೇ ವರ್ಷದ ಯುಎಸ್ ಓಪನ್‌ನಲ್ಲಿ ಮೊದಲ ಬಾರಿಗೆ ಗ್ರ್ಯಾನ್‌ಸ್ಲಾಮ್ ಸೆಮಿಫೈನಲ್ ತಲುಪಿದರು. ಅಲ್ಲಿ ಬ್ರಿಟನ್ನಿನ ಜೋ ಸಾಲಿಸ್‌ಬರಿ ಮತ್ತು ನೀಲ್ ಸ್ಕಪ್‌ಸ್ಕಿ ಎದುರು ಮೂರು ಸೆಟ್‌ಗಳ ಹೋರಾಟದಲ್ಲಿ ಸೋತರು.

ಆ ಯುಎಸ್ ಓಪನ್‌ನಲ್ಲಿ ಯೂಕಿ ಜೊತೆಗಾರ ಯಾರು ಗೊತ್ತೇ? ಮೈಕಲ್ ವೀನಸ್. 2017ರಲ್ಲಿ ಬಾಲೇವಾಡಿಯಲ್ಲಿ ಭಾರತದ ಎದುರು ನಿಂತಿದ್ದ ಆಟಗಾರ, ಎಂಟು ವರ್ಷಗಳ ಬಳಿಕ ಭಾರತದ ಆಟಗಾರನ ಪಕ್ಕದಲ್ಲಿ. ಪೇಸ್‌ಗೆ ಹಿಂಗಿಸ್ ಸಿಕ್ಕಂತೆ, ಬೋಪಣ್ಣಗೆ ಎಬ್ಡೆನ್ ಸಿಕ್ಕಂತೆ, ಯೂಕಿಗೂ ಗ್ರ್ಯಾನ್‌ಸ್ಲಾಮ್ ಗೆದ್ದ ಅನುಭವಿ ಸಿಕ್ಕಿದ್ದು ಆ ವರ್ಷದ ಒಳ್ಳೆಯ ಸುದ್ದಿ.

ಆದರೆ ಯೂಕಿ ಹುಟ್ಟಿದ್ದು 1992ರಲ್ಲಿ. ಪೇಸ್ 33 ತುಂಬುವಷ್ಟರಲ್ಲಿ ಆರು ಗ್ರ್ಯಾನ್‌ಸ್ಲಾಮ್ ಗೆದ್ದಾಗಿತ್ತು. ಯೂಕಿ ಆ ವಯಸ್ಸಿಗೆ ಮೊದಲ ಸೆಮಿಫೈನಲ್ ಕಂಡರು. ಅವರಿಂದ ಒಂದು, ಎರಡು ಪ್ರಶಸ್ತಿ ನಿರೀಕ್ಷಿಸಬಹುದು. 19 ಎನ್ನುವುದು ಅತಿಯಾಸೆ.

ಪುಣೆಯಿಂದಲೂ ಕೆಲವರಿದ್ದಾರೆ. ಅರ್ಜುನ್ ಖಾಡೆ 2024ರ ಅಕ್ಟೋಬರ್‌ನಲ್ಲಿ ರಿತ್ವಿಕ್ ಬೊಳ್ಳಿಪಳ್ಳಿ ಜೊತೆ ಅಲ್ಮಾಟಿ ಓಪನ್ ಡಬಲ್ಸ್ ಗೆದ್ದರು. ಋತುಜಾ ಭೋಸಲೆ 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಮಿಶ್ರ ಡಬಲ್ಸ್ ಚಿನ್ನ ತಂದರು. ಅವರ ಜೊತೆ ಆಡಿದವರು ಬೋಪಣ್ಣ.

ಪುಣೆಯ ಕೈ ತಪ್ಪಿದ ಟೂರ್ನಿ

ಇಂಥ ಆಟಗಾರರಿಗೆ ದೊಡ್ಡವರ ಜೊತೆ ಆಡುವ ಅವಕಾಶ ಮನೆ ಬಾಗಿಲಲ್ಲೇ ಇತ್ತು. ಚೆನ್ನೈನಲ್ಲಿ ನಡೆಯುತ್ತಿದ್ದ ಎಟಿಪಿ 250 ಟೂರ್ನಿ 2018ರಲ್ಲಿ ಪುಣೆಗೆ ಬಂತು. ಆಗ ಅದು ದಕ್ಷಿಣ ಏಷ್ಯಾದಲ್ಲಿ ಆ ದರ್ಜೆಯ ಏಕೈಕ ಟೂರ್ನಿ. 2018ರಲ್ಲಿ ಫ್ರಾನ್ಸ್‌ನ ಜಿಲ್ ಸಿಮೋನ್, 2019ರಲ್ಲಿ ದಕ್ಷಿಣ ಆಫ್ರಿಕಾದ ಕೆವಿನ್ ಆ್ಯಂಡರ್ಸನ್ ಗೆದ್ದರು. ಆ್ಯಂಡರ್ಸನ್ ಹಿಂದಿನ ವರ್ಷವಷ್ಟೇ ವಿಂಬಲ್ಡನ್ ಫೈನಲ್‌ನಲ್ಲಿ ಜೊಕೊವಿಚ್ ಎದುರು ಆಡಿದ್ದವರು. ಪುಣೆಯ ಫೈನಲ್‌ನಲ್ಲಿ ಅವರಿಗೆ ಎದುರಾದದ್ದು 39 ವರ್ಷದ ಇವೊ ಕಾರ್ಲೊವಿಚ್. 1977ರ ಬಳಿಕ ಅಷ್ಟು ವಯಸ್ಸಾದ ಯಾರೂ ಎಟಿಪಿ ಸಿಂಗಲ್ಸ್ ಫೈನಲ್ ಆಡಿರಲಿಲ್ಲ.

ಸ್ಥಳೀಯರಿಗೆ ವೈಲ್ಡ್ ಕಾರ್ಡ್ ಸಿಗುತ್ತಿದ್ದುದು ಈ ಟೂರ್ನಿಯ ದೊಡ್ಡ ಪ್ರಯೋಜನ. ಬೋಪಣ್ಣ ಮತ್ತು ರಾಮಕುಮಾರ್ ಅವರಂಥ ಭಾರತೀಯ ಜೋಡಿಗಳು ಇಲ್ಲಿ ಗಳಿಸಿದ ರ‍್ಯಾಂಕಿಂಗ್ ಅಂಕಗಳು ಗ್ರ್ಯಾನ್‌ಸ್ಲಾಮ್ ಪ್ರವೇಶಕ್ಕೆ ಲೆಕ್ಕಕ್ಕೆ ಬರುತ್ತಿದ್ದವು. ಡಬಲ್ಸ್‌ನಲ್ಲಿ ಪ್ರವೇಶ ನಿರ್ಧಾರವಾಗುವುದು ಇಬ್ಬರ ರ‍್ಯಾಂಕಿಂಗ್ ಕೂಡಿಸಿ. ರ‍್ಯಾಂಕಿಂಗ್ ಕೆಳಗಿದ್ದವರ ಜೊತೆ ಆಡಲು ಒಳ್ಳೆಯ ಆಟಗಾರರು ಒಪ್ಪುವುದು ಕಷ್ಟ. ಅಂಕವಿಲ್ಲದೆ ಜೊತೆಗಾರ ಇಲ್ಲ, ಜೊತೆಗಾರ ಇಲ್ಲದೆ ಅಂಕವಿಲ್ಲ.

2023ರ ಜನವರಿಯಲ್ಲಿ ನೆದರ್‌ಲೆಂಡ್ಸ್‌ನ ಟ್ಯಾಲನ್ ಗ್ರೀಕ್‌ಸ್ಪೋರ್ ಇಲ್ಲಿ ಗೆದ್ದರು. ಅದೇ ಕೊನೆಯ ಆವೃತ್ತಿ. 2024ರ ಜನವರಿಯ ಮೊದಲ ವಾರ ಎಟಿಪಿ ಟೂರ್ನಿ ನಡೆದದ್ದು ಹಾಂಕಾಂಗ್‌ನಲ್ಲಿ. ಬಾಲೇವಾಡಿಗೆ ಉಳಿದದ್ದು ಒಂದು ಮೆಟ್ಟಿಲು ಕೆಳಗಿನ ಚಾಲೆಂಜರ್.

ಆ ಕೊನೆಯ ಆವೃತ್ತಿಯಲ್ಲಿ ಪುಣೆಯದೇ ಹುಡುಗ ಮಾನಸ್ ಧಾಮ್ನೆಗೆ ಸಿಂಗಲ್ಸ್ ವೈಲ್ಡ್ ಕಾರ್ಡ್ ಸಿಕ್ಕಿತ್ತು. ಆಗ ಅವನಿಗೆ 15 ವರ್ಷ. ಮೊದಲ ಸುತ್ತಿನಲ್ಲೇ ಅಮೆರಿಕದ ಮೈಕಲ್ ಮೊ ಎದುರು ಎರಡು ನೇರ ಸೆಟ್‌ಗಳಲ್ಲಿ ಸೋತ. ಅಷ್ಟರಲ್ಲಾಗಲೇ ಅವನು ಇಟಲಿಯಲ್ಲಿ ರಿಕಾರ್ಡೊ ಪಿಯಾಟ್ಟಿ ಅಕಾಡೆಮಿಯಲ್ಲಿ ತರಬೇತಿ ಪಡೆಯುತ್ತಿದ್ದ. ಯಾನಿಕ್ ಸಿನ್ನರ್ ಬೆಳೆದದ್ದು ಅದೇ ಅಕಾಡೆಮಿಯಲ್ಲಿ.